ಬೆನ್ನ ಹಿಂದಿನ ಕಿರಣ

"ನೀವು ಈಗಷ್ಟೇ ಇನ್ನೊಬ್ಬರ ಪ್ರಾಣ ತೆಗೆದಿರಿ ಸಾರ್," ಎಂದ ಪತ್ತೇದಾರ ಉಡ.

ಆಸ್ಪತ್ರೆಯ ಕಿರಣ ಚಿಕಿತ್ಸಾ ವಿಭಾಗದ ಮುಖ್ಯಸ್ಥರ ಬೆರಳು ಇನ್ನೂ ಮೌಸಿನ ಮೇಲಿತ್ತು. ಪರದೆಯಲ್ಲಿ 'ಒಪ್ಪಿಗೆಯಾಗಿದೆ' ಎಂಬ ಹಸಿರು ಪಟ್ಟಿ ಮೂಡಿ ಅರೆಗಳಿಗೆಯೂ ಆಗಿರಲಿಲ್ಲ.

"ಏನ್ರೀ, ಬಾಯಿಗೆ ಬಂದ ಹಾಗೆ ಮಾತಾಡ್ತೀರಿ?"

"ಪರದೆ ನೋಡಿ. ಒಪ್ಪಿಗೆ ಕೊಡೋಕೆ ಮುಂಚೆ ನೋಡಬೇಕಿತ್ತು. ಪರವಾಗಿಲ್ಲ, ಈಗಲಾದರೂ ನೋಡಿ."

ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಒಬ್ಬ ಮನುಷ್ಯನ ಎದೆಯನ್ನು ಅಡ್ಡಡ್ಡ ಕೊಯ್ದಂತೆ ತೋರಿಸುವ ಚಿತ್ರ. ನಡುವೆ ಗಡ್ಡೆ. ಅದಕ್ಕೆ ಒತ್ತಿಕೊಂಡಂತೆ, ಹಿಂದುಗಡೆ, ಅಂಗಿಯ ಗುಂಡಿಯಷ್ಟು ಅಗಲದ ಬೆನ್ನುಹುರಿ. ಕಿರಣ ಹೆಚ್ಚು ಬೀಳುವ ಜಾಗ ಕೆಂಪು, ಬೀಳದ ಜಾಗ ನೀಲಿ. ಗಡ್ಡೆ ಕೆಂಪಗಿರಬೇಕು, ಹುರಿ ನೀಲಿಯಾಗಿರಬೇಕು. ಇಲ್ಲಿ ಎರಡೂ ಕೆಂಪಗಿದ್ದವು.

ಅವರ ಮುಖದ ಕಳೆಯೇ ಇಳಿದುಹೋಯಿತು. "ಯಾರ ಪ್ಲಾನ್ ಇದು? ನಿಲ್ಲಿಸ್ರೀ! ರೋಗೀನ ಮೇಜಿನ ಮೇಲೆ ಮಲಗಿಸಬೇಡಿ ಅನ್ನಿ!"

"ಮಲಗಿಸಿದರೂ ಏನಾಗಲ್ಲ ಬಿಡಿ. ಯಂತ್ರದ ಪರೀಕ್ಷೆಗೆ ಅಂತ ಒಂದು ಪ್ಲಾಸ್ಟಿಕ್ ಬೊಂಬೆ ಇಟ್ಟಿದೀರಲ್ಲ, ಇದು ಅದರದ್ದು. ಅದಕ್ಕೆ ಹೆಂಡತಿ ಮಕ್ಕಳಿಲ್ಲ."

ಕಂಪ್ಯೂಟರಿನ ಮುಂದೆ ಕೂತಿದ್ದ ಎಡಚ ತಲೆ ತಗ್ಗಿಸಿ ನಗು ನುಂಗಿಕೊಂಡ. ಎಡಗೈಯಲ್ಲಿ ಬರೆಯುತ್ತಿದ್ದುದರಿಂದ ಅವನಿಗೆ ಆ ಹೆಸರು. ರೋಗಿಗಳ ಕಿರಣ ಚಿಕಿತ್ಸೆಗೆ ಪ್ಲಾನ್ ಮಾಡುವ ಇಬ್ಬರಲ್ಲಿ ಅವನೊಬ್ಬ. ಇನ್ನೊಬ್ಬಳು ಪೊಲೀಸ್ ಠಾಣೆಯಲ್ಲಿ ಕೂತಿದ್ದಳು. ಬೊಂಬೆಯ ಪ್ಲಾನನ್ನು ಬೇಕೆಂದೇ ಕೆಡಿಸಿ, ದಿನದ ಪ್ಲಾನುಗಳ ನಡುವೆ ತೂರಿಸಿದ್ದು ಎಡಚನೇ, ಉಡ ಹೇಳಿದ ಪ್ರಕಾರ. ಮುಖ್ಯಸ್ಥರಿಗೆ ವಿಭಾಗದವರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಮೊಹರು ಸಾಹೇಬರು. ಮುಂದೆ ಏನೇ ಇಟ್ಟರೂ ಠಪ್ಪೆಂದು ಒಪ್ಪಿಗೆ ಒತ್ತುತ್ತಾರೆ ಎಂಬುದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಪೊಲೀಸರಿಗೆ ಮಾತ್ರ.

"ಈಗ ಕೇಳಿಸಿಕೊಂಡ್ರಾ ಇನ್ಸ್‌ಪೆಕ್ಟ್ರೇ?" ಎಂದು ಉಡ ಬಾಗಿಲ ಕಡೆ ತಿರುಗಿದ. "ಸತ್ತುಹೋದ ಡ್ರಿಲ್ ಮೇಷ್ಟ್ರ ಪ್ಲಾನನ್ನ ನಾನು ಕೂಲಂಕಷವಾಗಿ ನೋಡಿದ್ದೆ, ಆಗ ಸರಿಯಾಗಿತ್ತು, ಹುಡುಗಿ ಆಮೇಲೆ ತಿದ್ದಿದಾಳೆ ಅಂತ ಸಾಹೇಬರು ಹೇಳಿಕೆ ಕೊಟ್ಟಿದ್ರು. ಅವರು ಕೂಲಂಕಷವಾಗಿ ನೋಡೋದು ಹೀಗೆ."

ಬಾಗಿಲಿಗೆ ಒರಗಿ ನಿಂತಿದ್ದ ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಒಂದು ಕಾಲಕ್ಕೆ ಉಡನ ಕೈಕೆಳಗೆ ಕೆಲಸ ಕಲಿತವನು. ಉಡ ಎಂಬ ಹೆಸರು ಕಳ್ಳರು ಇಟ್ಟದ್ದು, ಹಿಡಿದ ಪಟ್ಟು ಬಿಡುವುದಿಲ್ಲ ಎಂದು. ನಿವೃತ್ತನಾಗಿ ಖಾಸಗಿ ಪತ್ತೇದಾರನಾದ ಮೇಲೂ ಹೆಸರು ಬಿಡಲಿಲ್ಲ, ಪಟ್ಟೂ ಬಿಡಲಿಲ್ಲ. ಆದರೆ ಈ ಸಲ ಪಟ್ಟು ಹಿಡಿದಿದ್ದು ಗೆಲ್ಲಲೆಂದಲ್ಲ. ಠಾಣೆಯಲ್ಲಿ ಕೂತಿದ್ದವಳು ಅವನ ಅಕ್ಕನ ಮಗಳು. ಸಂಜೆಯೊಳಗೆ ಬೇರೆ ಯಾರ ಕೈವಾಡವೆಂದು ತೋರಿಸದಿದ್ದರೆ ಅವಳ ಮೇಲೆ ಕೊಲೆಯ ಆರೋಪ ದಾಖಲಾಗುತ್ತಿತ್ತು.

"ಸಾಹೇಬರು ಸುಳ್ಳು ಹೇಳಿದ್ರು ಅಂತಾಯ್ತು ಸಾರ್," ಎಂದ ಇನ್ಸ್‌ಪೆಕ್ಟರ್ ಮೆಲ್ಲಗೆ. "ಅವರ ಪಾಲಿಗೆ ಬೇರೆ ಕೇಸು ಇದೆ. ಆದ್ರೆ ನಿಮ್ಮ ಹುಡುಗಿಗೆ ಇದರಿಂದ ಏನು ಬಂತು? ಪ್ಲಾನ್ ಆಗಿರೋದು ಅವಳ ಪಾಸ್‌ವರ್ಡ್‌ನಲ್ಲೇ. ಅವಳು ಬಾಯೇ ಬಿಡ್ತಿಲ್ಲ. ನಾನಲ್ಲ ಅಂತ ಒಂದು ಮಾತು ಅಂದಿದ್ರೂ ನಾನು ಇಷ್ಟು ಹೊತ್ತಿಗೆ ಏನಾದರೂ ಮಾಡ್ತಿದ್ದೆ."

ಅದು ನಿಜವಾಗಿತ್ತು. ಎಷ್ಟು ಕೇಳಿದರೂ ಆ ಹುಡುಗಿ ಗೋಡೆ ನೋಡಿಕೊಂಡು ಕೂತಿದ್ದಳು. ಆಘಾತ ಇರಬೇಕು ಎಂದು ಉಡ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಸತ್ತವರು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಮುದಿ ವಯಸ್ಸಿನಲ್ಲೂ ಮೈದಾನ ಸುತ್ತುತ್ತಿದ್ದ ಆಸಾಮಿ. ಎದೆಯ ಗಡ್ಡೆಗೆ ಕಿರಣ ಹಾಕಿಸಿಕೊಂಡು ನಡೆದೇ ಮನೆಗೆ ಹೋಗಿದ್ದರು. ಕೆಲವು ತಿಂಗಳಾದ ಮೇಲೆ ಮೊದಲು ಪಾದ ಮರಗಟ್ಟಿತು, ಆಮೇಲೆ ಸೊಂಟದಿಂದ ಕೆಳಗೆ ಏನೂ ಇಲ್ಲದಂತಾಯಿತು, ಮಲಗಿದಲ್ಲೇ ಹುಣ್ಣಾಗಿ ನಂಜೇರಿ ಹೋಗಿಬಿಟ್ಟರು. ಅವರ ಬೆನ್ನುಹುರಿ ಕಿರಣಕ್ಕೆ ಬೆಂದುಹೋಗಿತ್ತು.

ನೆಲಮಾಳಿಗೆಯ ಆ ಕೋಣೆಗೆ ಕಿಟಕಿ ಇರಲಿಲ್ಲ. ಪಕ್ಕದ ಯಂತ್ರದ ಕೋಣೆಯಿಂದ ಕಿರಣ ಸೋರಬಾರದೆಂದು ಒಬ್ಬ ಮನುಷ್ಯ ಅಡ್ಡ ಮಲಗಬಹುದಾದಷ್ಟು ದಪ್ಪ ಗೋಡೆ ಕಟ್ಟಿದ್ದರು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಹೊರಗೆ ಬಿಸಿಲೋ ಮೋಡವೋ ತಿಳಿಯುವುದಿಲ್ಲ. ಇಂಥ ಕಡೆ ಅಕ್ಕ ಒಂದು ಆಯುಷ್ಯ ಕಳೆದಳಲ್ಲ ಎಂದು ಉಡನಿಗೆ ಆಗಾಗ ಅನ್ನಿಸುತ್ತಿತ್ತು. ಇಲ್ಲಿ ದುಡಿದೇ ಅವಳು ಅವನನ್ನು ಓದಿಸಿದ್ದು, ಮಗಳನ್ನು ಬೆಳೆಸಿದ್ದು, ಕೊನೆಗೆ ಮಗಳಿಗೂ ಅದೇ ವಿದ್ಯೆ ಹೇಳಿಕೊಟ್ಟು ನಿವೃತ್ತಳಾಗಿ ಮನೆಗೆ ಹೋಗಿದ್ದು. "ನನ್ನ ಮಗೂನ ಹೇಗಾದರೂ ಬಿಡಿಸ್ಕೊಂಡು ಬಾರೋ," ಎಂದು ಬೆಳಿಗ್ಗೆ ಅವನ ಕೈ ಹಿಡಿದುಕೊಂಡಿದ್ದಳು. ಅವಳು ಯಾರ ಹತ್ತಿರವೂ ಏನನ್ನೂ ಬೇಡಿದವಳಲ್ಲ.

ಉಡ ಕುರ್ಚಿ ಎಳೆದುಕೊಂಡು ಎಡಚನ ಪಕ್ಕ ಕೂತ. "ನೀನು ಮೊನ್ನೆ ನನಗೆ ಹೇಳಿದ್ಯಲ್ಲ, ಅದನ್ನ ಇನ್ಸ್‌ಪೆಕ್ಟರಿಗೆ ಹೇಳಪ್ಪ. ಅರ್ಥ ಆಗೋ ಹಾಗೆ ಹೇಳು. ನನಗೆ ಹೇಳಿದ ಹಾಗೆ ಹೇಳಬೇಡ."

ಎಡಚ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದ. "ಯಂತ್ರದ ತಲೆ ರೋಗಿಯ ಸುತ್ತ ತಿರುಗುತ್ತೆ ಸಾರ್. ಯಾವ ಯಾವ ಕಡೆಯಿಂದ, ಎಷ್ಟೆಷ್ಟು ಜೋರಾಗಿ ಕಿರಣ ಬಿಡಬೇಕು ಅನ್ನೋದನ್ನ ಪ್ರೋಗ್ರಾಂ ಲೆಕ್ಕ ಹಾಕುತ್ತೆ. ಗಡ್ಡೆಗೆ ಪೂರ್ತಿ ಬೀಳಬೇಕು, ಹುರಿಗೆ ಮಿತಿ ದಾಟಬಾರದು. ಇದು ಕೂಡಿ ಕಳೆದು ಉತ್ತರ ಬರೋ ಲೆಕ್ಕ ಅಲ್ಲ. ನಾವು ಒಂದು ಊಹೆ ಕೊಡಬೇಕು. ಅಲ್ಲಿಂದ ಅದು ಒಂದೊಂದೇ ಹೆಜ್ಜೆ ಇಳೀತಾ ಹೋಗುತ್ತೆ. ಕಣ್ಣು ಕಟ್ಟಿ ಗುಡ್ಡದ ಮೇಲೆ ಬಿಟ್ಟ ಹಾಗೆ ಅನ್ಕೊಳ್ಳಿ. ಕಾಲಿಗೆ ಇಳಿಜಾರು ಸಿಕ್ಕಷ್ಟೂ ಇಳಿಯುತ್ತೆ. ಇನ್ನು ಇಳಿಯೋಕೆ ಜಾಗ ಇಲ್ಲ ಅಂದ್ರೆ ಅಲ್ಲೇ ನಿಲ್ಲುತ್ತೆ. ಅದೇ ಉತ್ತರ."

"ಹುರಿಗೆ ಮಿತಿ ಇದೆ ಅಂದ್ರಿ. ಮಿತಿ ಅಂದ್ರೆ ಗೋಡೆ ಇದ್ದ ಹಾಗೆ ತಾನೆ, ಅದನ್ನ ಹೇಗ್ರೀ ದಾಟಿತು?" ಎಂದ ಇನ್ಸ್‌ಪೆಕ್ಟರ್.

"ಗೋಡೆ ಇಟ್ಟರೆ ಲೆಕ್ಕ ಎಷ್ಟೋ ಸಲ ಗೋಡೆಗೆ ಮುಖ ಒತ್ತಿಕೊಂಡು ನಿಂತುಬಿಡುತ್ತೆ ಸಾರ್, ಮುಂದಕ್ಕೆ ಹೋಗಲ್ಲ. ಅದಕ್ಕೆ ನಮ್ಮಲ್ಲಿ ಗೋಡೆ ಇಡಲ್ಲ, ದಂಡ ಇಡ್ತೀವಿ. ಮಿತಿ ದಾಟಿದ್ರೆ ಇಷ್ಟು ದಂಡ ಅಂತ. ಮೊದಲ ಸುತ್ತಿಗೆ ಸಣ್ಣ ದಂಡ. ಅದು ಎಲ್ಲೋ ಒಂದು ಕಡೆ ನಿಂತ ಮೇಲೆ ದಂಡ ಹತ್ತುಪಟ್ಟು. ಅಲ್ಲಿಂದ ಮತ್ತೆ ಇಳಿಸೋದು. ಮತ್ತೆ ಹತ್ತುಪಟ್ಟು. ದಂಡ ಜಾಸ್ತಿ ಆದ ಹಾಗೆಲ್ಲ ಕಿರಣ ಹುರಿ ಬಿಟ್ಟು ಆಚೆ ಸರಿಯುತ್ತೆ."

"ಮೊದಲೇ ಭಾರಿ ದಂಡ ಹಾಕಿಬಿಟ್ರೆ?"

"ಹೆದರಿಕೊಂಡು ಅಲ್ಲಾಡೋದೇ ಇಲ್ಲ. ಕೆಲಸಕ್ಕೆ ಸೇರಿದ ದಿನವೇ ಸಾಹೇಬರು ಕಣ್ಣು ಕೆಂಪಗೆ ಮಾಡಿದ್ರೆ ನಮಗೆ ಕೈಕಾಲು ಆಡುತ್ತಾ ಸಾರ್? ಹಾಗೆ."

ಮೊಹರು ಸಾಹೇಬರು ಅವನನ್ನು ದುರುಗುಟ್ಟಿ ನೋಡಿದರು. ಆ ನೋಟಕ್ಕೆ ಮೊದಲಿನ ಕಾವು ಇರಲಿಲ್ಲ.

"ಡ್ರಿಲ್ ಮೇಷ್ಟ್ರ ಪ್ಲಾನಿನಲ್ಲಿ ದಂಡ ಏರಿಸೇ ಇಲ್ಲ," ಎಂದ ಉಡ. "ಮೊದಲ ಸುತ್ತಿಗೇ ನಿಲ್ಲಿಸಿ, ಮುಗೀತು ಅಂತ ಕಳಿಸಿದಾರೆ. ಇಷ್ಟು ನಿಮಗೂ ಗೊತ್ತು. ಈಗ ನನ್ನ ಪ್ರಶ್ನೆ ಒಂದೇ. ಆ ಮೊದಲ ಊಹೆ ಕೊಟ್ಟ ಕೈ ಯಾವುದು?"

"ಅದು ಉಳಿಯಲ್ಲ ರೀ," ಎಂದರು ಸಾಹೇಬರು ತಟ್ಟನೆ. "ಪ್ರೋಗ್ರಾಂ ಕೊನೆಯ ಉತ್ತರ ಮಾತ್ರ ಇಟ್ಕೊಳ್ಳುತ್ತೆ. ಎಲ್ಲಿಂದ ಹೊರಟಿತು, ಯಾವ ದಾರೀಲಿ ಬಂತು, ಯಾವುದೂ ಇರಲ್ಲ. ಸುಮ್ಮನೆ ಗಾಳಿಗೆ ಗುದ್ದಿ ಮೈ ನೋಯಿಸ್ಕೋತೀರಿ."

"ಗೊತ್ತು. ಆದ್ರೆ ನನ್ನ ಸೋದರ ಸೊಸೆ ಒಂದು ಸಲ ಊಟಕ್ಕೆ ಕೂತಾಗ ಹೇಳಿದ್ಲು. ಮಾವ, ನಮ್ಮ ಗುಡ್ಡದಲ್ಲಿ ತಗ್ಗು ಒಂದೇ ಇರಲ್ಲ, ಹತ್ತಾರು ಇರ್ತವೆ, ಎಲ್ಲಿಂದ ಬಿಟ್ಟರೆ ಯಾವ ತಗ್ಗಿಗೆ ಬೀಳುತ್ತೆ ಅನ್ನೋದು ಬಿಟ್ಟವರ ಮೇಲೆ ಹೋಗುತ್ತೆ. ಒಬ್ಬೊಬ್ಬರು ಒಂದೊಂದು ಥರ ಊಹೆ ಕೊಡ್ತಾರೆ, ಅಭ್ಯಾಸ, ಜನ್ಮದಲ್ಲಿ ಬದಲಾಯಿಸಲ್ಲ. ಅದು ಕೈಬರಹ ಇದ್ದ ಹಾಗೆ ಅಂತ." ಉಡ ಸಾಹೇಬರ ಕಡೆ ಬಾಗಿದ. "ಡ್ರಿಲ್ ಮೇಷ್ಟ್ರ ಎದೆಯ ಚಿತ್ರ ಇದೆ. ಸಣ್ಣ ದಂಡ ಎಷ್ಟು ಅಂತ ಗೊತ್ತು. ಪ್ರತಿಯೊಬ್ಬರ ಊಹೆಯಿಂದಲೂ ಬಿಟ್ಟು ನೋಡೋಣ. ಯಾರದ್ದು ಆ ಕೊಲೆಗಾರ ತಗ್ಗಿಗೆ ಬಂದು ಬೀಳುತ್ತೋ ಅವರೇ ನಾನು ಹುಡುಕ್ತಿರೋ ಮನುಷ್ಯ."

ಇನ್ಸ್‌ಪೆಕ್ಟರ್ ಬಾಗಿಲು ಬಿಟ್ಟು ಹತ್ತಿರ ಬಂದ.

"ಮೊದಲು ನನ್ನ ಸೊಸೇದು," ಎಂದ ಉಡ.

ಎಡಚ ಕೀಲಿ ಒತ್ತಿದ. ಅವಳದ್ದು ಚೊಕ್ಕ ಕೆಲಸ. ಬಂಡಿಯ ಗಾಲಿಯ ಅರೆಗಳ ಹಾಗೆ ಕಿರಣಗಳನ್ನು ಸುತ್ತಲೂ ಸಮನಾಗಿ ಇಟ್ಟು ಶುರು ಮಾಡುತ್ತಿದ್ದಳು. ಪರದೆಯ ಮೇಲೆ ಗೆರೆಗಳು ಅಲುಗಾಡಿದವು. ಮೂಲೆಯಲ್ಲಿದ್ದ ಸಂಖ್ಯೆ ಮೊದಲು ದಡದಡನೆ ಇಳಿಯಿತು, ಆಮೇಲೆ ಮೆಟ್ಟಿಲು ಇಳಿಯುವ ಮುದುಕರ ಹಾಗೆ ತಡವರಿಸಿತು, ಕೊನೆಗೆ ನಿಂತಿತು.

ಎಡಚ ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟ. ಎಡಕ್ಕೆ ಮೇಷ್ಟ್ರನ್ನು ಕೊಂದ ಪ್ಲಾನು. ಬಲಕ್ಕೆ ಈಗ ಬಂದದ್ದು. ಕುರುಡನಿಗೂ ಕಾಣುವಷ್ಟು ವ್ಯತ್ಯಾಸವಿತ್ತು. ಬಲಗಡೆಯ ಚಿತ್ರದಲ್ಲಿ ಹುರಿ ಒಂದಿಷ್ಟು ಹಳದಿಯಾಗಿತ್ತು, ಕೆಂಪಗಾಗಿರಲಿಲ್ಲ.

ಹುಡುಗಿಯಲ್ಲ. ತನ್ನ ಅಕ್ಕನ ಮಗಳಲ್ಲ. ಎದ್ದು ಕುಣಿಯಬೇಕೆನ್ನಿಸಿದರೂ ಉಡ ಮುಖ ಗಂಟಿಕ್ಕಿಕೊಂಡೇ ಕೂತ.

"ಮುಂದೆ, ನಿಂದು."

ಎಡಚ ಬೆವರು ಒರೆಸಿಕೊಂಡ. ಹುಡುಗಿಗೆ ಸಿಕ್ಕ ಬಡ್ತಿ ತನಗೆ ಸಿಗಬೇಕಿತ್ತು ಎಂದು ಅವನು ಕ್ಯಾಂಟೀನಿನಲ್ಲಿ ಜಗಳ ತೆಗೆದಿದ್ದು ಎಲ್ಲರಿಗೂ ಗೊತ್ತಿತ್ತು. ಅವನದ್ದು ಸೋಮಾರಿಯ ದಾರಿ. ಹಿಂದೆ ಇದೇ ಥರದ ಗಡ್ಡೆ ಇದ್ದ ರೋಗಿಯ ಉತ್ತರವನ್ನೇ ಎತ್ತಿಕೊಂಡು ಊಹೆಯಾಗಿ ಕೊಡುತ್ತಿದ್ದ. ಹಳೆಯ ಅಂಗಿಯನ್ನೇ ಹೊಸಬನಿಗೆ ತೊಡಿಸಿ ಅಲ್ಲಿಲ್ಲಿ ಹೊಲಿಗೆ ಬಿಚ್ಚಿದಂತೆ. ಸಂಖ್ಯೆ ಸ್ವಲ್ಪವೇ ಇಳಿದು ಬೇಗ ನಿಂತಿತು. ಅದೂ ಬೇರೆ ತಗ್ಗು. ಎಡಚ ಕುರ್ಚಿಗೆ ಒರಗಿ ಉಸಿರು ಬಿಟ್ಟ.

"ಈಗ ನೀವು ಸಾರ್."

"ನಾನು ಪ್ಲಾನ್ ಮಾಡೋದು ಬಿಟ್ಟು ಎಷ್ಟೋ ವರ್ಷ ಆಯ್ತು."

"ಈಜು ಬಿಟ್ಟೋನನ್ನ ನೀರಿಗೆ ತಳ್ಳಿದ್ರೆ ಮತ್ತೆ ಈಜ್ತಾನೆ. ಕೂತ್ಕೊಳ್ಳಿ."

ಸಾಹೇಬರು ಎಡಚನ ಜಾಗದಲ್ಲಿ ಕೂತರು. ಅವರದ್ದು ಪುಸ್ತಕದ ದಾರಿ, ಎಲ್ಲ ಕಿರಣಗಳ ಬಲವೂ ಸೊನ್ನೆ ಎಂದಿಟ್ಟು ಶುರು. ಸಂಖ್ಯೆ ಇಳಿಯಿತು, ನಿಂತಿತು. ಮೂರನೆಯ ತಗ್ಗು. ಎಡಗಡೆಯ ಕೆಂಪು ಹುರಿಗೆ ಅದೂ ಹೊಂದಲಿಲ್ಲ.

"ಇಷ್ಟೇನಾ ಸಾರ್?" ಎಂದ ಇನ್ಸ್‌ಪೆಕ್ಟರ್. ಅವನ ದನಿಯಲ್ಲಿ ಅಣಕವಿರಲಿಲ್ಲ, ಕನಿಕರವಿತ್ತು. ಅದೇ ಉಡನಿಗೆ ಹೆಚ್ಚು ಚುಚ್ಚಿತು.

ಆದರೆ ಉಡ ಇನ್ಸ್‌ಪೆಕ್ಟರನ್ನು ನೋಡುತ್ತಿರಲಿಲ್ಲ. ಸಾಹೇಬರನ್ನು ನೋಡುತ್ತಿದ್ದ. ಅವರು ಎಡಗಡೆಯ ಚಿತ್ರದಿಂದ, ಮೇಷ್ಟ್ರನ್ನು ಕೊಂದ ಆ ಪ್ಲಾನಿನಿಂದ, ಕಣ್ಣು ಕೀಳಲೇ ಇಲ್ಲ. ಬಹುಶಃ ಅದನ್ನು ಅವರು ಸರಿಯಾಗಿ ನೋಡುತ್ತಿದ್ದುದೇ ಈಗ.

"ಸಾರ್, ನಿಮಗೇನೋ ಹೊಳೀತಿದೆ."

"ಇಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಿ. ಹೇಳಿ."

"ಬೇಡ ರೀ." ಸಾಹೇಬರು ಮೊದಲ ಸಲ ಅವನ ಮುಖ ನೋಡಿದರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಇಲ್ಲಿಗೆ ಬಿಟ್ಟುಬಿಡಿ. ನಾನು ನೋಡದೆ ಒಪ್ಪಿಗೆ ಒತ್ತಿದೆ ಅಂತ ಬರ್ಕೊಡ್ತೀನಿ. ತಪ್ಪು ನನ್ನದು ಅಂತಾಗಲಿ."

ಇಷ್ಟು ಹೊತ್ತು ಜಾರಿಕೊಳ್ಳುತ್ತಿದ್ದ ಮನುಷ್ಯ ತಾನಾಗಿ ಕುತ್ತಿಗೆ ಒಡ್ಡುತ್ತಿದ್ದಾನೆ ಎಂದರೆ ಅಲ್ಲೇ ನಿಲ್ಲಬೇಕಿತ್ತು. ಉಡನಿಗೆ ನಿಲ್ಲುವ ಅಭ್ಯಾಸವಿರಲಿಲ್ಲ. ಅವನು ಸಾಹೇಬರ ಕೈ ಹಿಡಿದು ಕೀಲಿಮಣೆಯ ಮೇಲಿಟ್ಟ.

"ಹಾಕಿ."

ಸಾಹೇಬರು ನಿಧಾನವಾಗಿ ಒತ್ತಿದರು. ಎದೆಯ ಮುಂಭಾಗದಿಂದ ಮೂರು ಕಿರಣ. ಆಮೇಲೆ ಒಂದು, ನೇರ ಬೆನ್ನ ಹಿಂದಿನಿಂದ.

"ಏನು ಸಾರ್ ಇದು?" ಎಡಚ ಬೆಚ್ಚಿದ. "ಹಿಂದಿನಿಂದ ಬಿಟ್ಟರೆ ಹುರಿ ಮೇಲೇ ಹಾದು ಹೋಗುತ್ತಲ್ಲ! ಯಾರು ಹೀಗೆ ಶುರು ಮಾಡ್ತಾರೆ?"

"ಈಗ ಯಾರೂ ಮಾಡಲ್ಲ. ಹಳೆ ಯಂತ್ರದ ಕಾಲದ ಪದ್ಧತಿ. ದಂಡ ಏರಿಸ್ತಾ ಹೋದ್ರೆ ಆ ಹಿಂದಿನ ಕಿರಣ ತಾನಾಗಿ ಸಣ್ಣಗಾಗಿ ಆರಿ ಹೋಗುತ್ತೆ, ನಮ್ಮೆಲ್ಲರಿಗಿಂತ ಒಳ್ಳೆ ಉತ್ತರ ಸಿಗುತ್ತೆ. ಆದ್ರೆ ನಡುವೆ ಕೈ ಬಿಟ್ಟರೆ ಅನಾಹುತ. ಅದಕ್ಕೇ ಬೇರೆಯವರು ಯಾರೂ ಇದನ್ನ ಮುಟ್ಟಬಾರದು ಅಂತ ನಾನೇ ನಿಯಮ ಮಾಡಿದ್ದೆ." ಸಾಹೇಬರು ಕೊನೆಯ ಕೀಲಿ ಒತ್ತಿದರು.

ಸಂಖ್ಯೆ ಇಳಿಯತೊಡಗಿತು. ಹಿಂದಿನ ಕಿರಣ ಒಂದಿಷ್ಟು ಓರೆಯಾಯಿತು, ಮುಂದಿನ ಮೂರೂ ಒಂದರ ಕಡೆಗೊಂದು ಸರಿದವು. ಬೆನ್ನುಹುರಿ ಹಳದಿಯಾಯಿತು, ಕಿತ್ತಳೆಯಾಯಿತು, ಕೆಂಪಾಯಿತು. ಸಂಖ್ಯೆ ನಿಂತಿತು.

ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಇದು ಯಾರ ಅಭ್ಯಾಸ?" ಎಂದು ಕೇಳಿದ್ದು ಇನ್ಸ್‌ಪೆಕ್ಟರ್. ಉಡನಿಗೆ ಉತ್ತರ ಪ್ರಶ್ನೆಗೆ ಮೊದಲೇ ತಿಳಿದುಹೋಗಿತ್ತು.

"ನಮಗೆಲ್ಲ ಕೆಲಸ ಕಲಿಸಿದವರದ್ದು," ಎಂದರು ಸಾಹೇಬರು ನೆಲ ನೋಡುತ್ತಾ. "ಇವರ ಅಕ್ಕ."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ಗಾದೆ ಹೇಳಿ ಎಷ್ಟು ಜನ ಕಿರಿಯ ಪೊಲೀಸರನ್ನು ಉಡ ಗೇಲಿ ಮಾಡಿರಲಿಲ್ಲ! ಈಗ ಅದೇ ಗಾದೆ ಅವನ ತಲೆಯೊಳಗೆ ತಾನಾಗಿ ಸುತ್ತತೊಡಗಿತು. ಸೊಸೆ ಯಾಕೆ ಬಾಯಿ ಬಿಡುತ್ತಿರಲಿಲ್ಲ ಎಂಬುದೂ ಆಗಲೇ ತಿಳಿಯಿತು. ಅವಳು ಆಘಾತದಿಂದ ಸುಮ್ಮನಿರಲಿಲ್ಲ. ತಾಯಿಗಾಗಿ ಸುಮ್ಮನಿದ್ದಳು.

"ನಿಮಗೂ ಗೊತ್ತಿತ್ತಲ್ಲ ಈ ಪದ್ಧತಿ!" ಉಡ ಸಾಹೇಬರ ಮೇಲೆ ಎರಗಿದ. ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಹಿಡಿದ. "ನೀವೇ ಮಾಡಿರಬಹುದಲ್ಲ! ಈಗ ಎಷ್ಟು ಸಲೀಸಾಗಿ ಮಾಡಿ ತೋರಿಸಿದ್ರಿ!"

"ಆ ಪ್ಲಾನ್ ಆದಾಗ ಸಾಹೇಬರು ಕಣ್ಣಿನ ಆಪರೇಷನ್ ಮಾಡಿಸ್ಕೊಂಡು ಮಲಗಿದ್ರು ಸಾರ್," ಎಂದ ಇನ್ಸ್‌ಪೆಕ್ಟರ್. "ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ನಾನೇ ಖಾತ್ರಿ ಮಾಡ್ಕೊಂಡಿದೀನಿ. ವಾಪಸ್ ಬಂದು ಕಣ್ಣು ಸರಿಯಾಗಿ ಕಾಣದೇ ಇದ್ರೂ ಒಪ್ಪಿಗೆ ಒತ್ತಿದಾರೆ. ಅದನ್ನ ಮುಚ್ಚಿಡೋಕೇ ಸುಳ್ಳು ಹೇಳಿದ್ದು."

ಸಾಹೇಬರು ಅಲ್ಲ ಎನ್ನಲಿಲ್ಲ. "ನಿಮ್ಮ ಸೊಸೆ ಮೂರು ಜನರ ಕೆಲಸ ಒಬ್ಬಳೇ ಮಾಡ್ತಿದ್ಲು," ಎಂದರು. "ಮನೆಗೂ ತಗೊಂಡು ಹೋಗ್ತಿದ್ಲು. ಅಲ್ಲಿ ಯಾರು ಸಹಾಯ ಮಾಡ್ತಿದ್ರು ಅಂತ ನಾನು ಕೇಳಲಿಲ್ಲ. ಅವಳ ಪ್ಲಾನು ಅಂತ ನಾನು ನೋಡಲಿಲ್ಲ, ಅಮ್ಮನ ಪ್ಲಾನು ಅಂತ ಅವಳು ನೋಡಿರಲಿಕ್ಕಿಲ್ಲ. ಗುರುಗಳ ಲೆಕ್ಕ ಯಾರ್ರೀ ತಿದ್ದುತ್ತಾರೆ?"

ಎಡಚ ಪರದೆಯನ್ನು ಆರಿಸಹೋದ. ಇನ್ಸ್‌ಪೆಕ್ಟರ್ ಅವನ ಕೈ ತಡೆದು, ಹಾಗೇ ಇರಲಿ ಎಂದ.

ಮೇಲೆ ಬಂದಾಗ ಬಿಸಿಲು ಕಣ್ಣಿಗೆ ಕುಕ್ಕಿತು. ಜೀಪಿನಲ್ಲಿ ಉಡ ಹಿಂದಿನ ಸೀಟಿಗೆ ಹೋಗಿ ಕೂತ. ಹಿಂದೆ ಆ ಜೀಪಿನ ಮುಂದಿನ ಸೀಟು ಅವನದಾಗಿತ್ತು.

"ಸಾರ್, ನನಗೂ ಕಷ್ಟ ಆಗ್ತಿದೆ," ಎಂದ ಇನ್ಸ್‌ಪೆಕ್ಟರ್ ಕನ್ನಡಿಯಲ್ಲಿ ಅವನನ್ನು ನೋಡಿ. "ಆದ್ರೆ ನಾನು ಕೇಳಿಸ್ಕೊಂಡುಬಿಟ್ಟೆ."

"ಗೊತ್ತಪ್ಪ. ಕೇಳಿಸ್ಕೊಳ್ಳಲಿ ಅಂತ ನಿನ್ನನ್ನ ಕರೆಸಿದ್ದೂ ನಾನೇ." ಉಡ ಸ್ವಲ್ಪ ಹೊತ್ತು ಬೀದಿ ನೋಡಿದ. "ಒಂದು ಮಾತು. ಮರೆವಾಗಿದ್ರೆ? ವಯಸ್ಸಾಗಿದೆ. ಮೊದಲ ಸುತ್ತು ಮುಗಿದ ಮೇಲೆ ದಂಡ ಏರಿಸೋದು ಮರೆತು, ಮುಗೀತು ಅಂತ ಕಳಿಸಿದ್ರೆ?"

ಇನ್ಸ್‌ಪೆಕ್ಟರ್ ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದ. ಅವನೂ ಅದೇ ಯೋಚಿಸುತ್ತಿದ್ದನೆಂದು ಕಾಣುತ್ತದೆ. "ಮರೆವಾಗಿದ್ರೆ ಅದು ಕೊಲೆ ಅಲ್ಲ. ನಿರ್ಲಕ್ಷ್ಯ. ಜಾಮೀನು ಸಿಗುತ್ತೆ. ವಯಸ್ಸು ನೋಡಿ ಕೋರ್ಟು ಮೆತ್ತಗಾಗುತ್ತೆ. ಹುಡುಗೀನೂ ಇವತ್ತೇ ಮನೆಗೆ ಬರ್ತಾಳೆ."

ಉಡ ಅಕ್ಕನ ಮರೆವುಗಳನ್ನು ಒಂದೊಂದಾಗಿ ನೆನೆಯತೊಡಗಿದ. ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ದು. ಹಾಲು ಒಲೆಯ ಮೇಲಿಟ್ಟು ಬಾಗಿಲಲ್ಲಿ ಮಾತಿಗೆ ನಿಂತದ್ದು. ಅವನ ವಯಸ್ಸು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುವುದು. ಇವೆಲ್ಲ ಸಾಕಾಗಬೇಕು. ಕೆಲಸದಲ್ಲಿದ್ದಷ್ಟು ಕಾಲವೂ ಅವನು ಎದುರಿಗಿರುವವರ ತಪ್ಪು ಬೇಕೆಂದೇ ಮಾಡಿದ್ದು ಎಂದು ಸಾಧಿಸಲು ಹೆಣಗಿದ್ದ. ಇವತ್ತು ಅದು ಬರೀ ತಪ್ಪಾಗಿರಲಿ ಎಂದು ಮನಸ್ಸಿನಲ್ಲೇ ಕೈಮುಗಿದ.

ಅಕ್ಕ ಬಾಗಿಲು ತೆರೆದಿಟ್ಟುಕೊಂಡು ಇಸ್ತ್ರಿ ಹಾಕುತ್ತಿದ್ದಳು. ಮೇಜಿನ ಮೇಲೆ ಮಗಳ ಬಟ್ಟೆಗಳು, ಠಾಣೆಗೆ ಕೊಟ್ಟುಕಳಿಸಲು. ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ನಿಂತ.

"ಬಿಟ್ಟರೇನೋ?"

"ಇಲ್ಲಕ್ಕ."

"ಊಟ ಮಾಡಿದ್ಲಂತಾ?"

"ಗೊತ್ತಿಲ್ಲ ಅಕ್ಕ." ಉಡ ಸ್ಟೂಲಿನ ಮೇಲೆ ಕೂತ. ಮೊದಲು ಬೇರೆ ಏನೇನೋ ಮಾತಾಡಬೇಕೆಂದುಕೊಂಡಿದ್ದ. ಯಾವುದೂ ಬಾಯಿಗೆ ಬರಲಿಲ್ಲ. "ಅವಳು ಮನೆಗೆ ತಂದ ಕೆಲಸ ನೀನು ಮಾಡಿಕೊಡ್ತಿದ್ಯಾ?"

ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ನಿಂತಿತು. ಅಕ್ಕ ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಪ್ಲಗ್ಗು ತೆಗೆದಳು. "ಮಾಡಿಕೊಡ್ತಿದ್ದೆ. ಪಾಪ, ಕೂತಲ್ಲೇ ತೂಕಡಿಸ್ತಿದ್ಲು. ಪಾಸ್‌ವರ್ಡ್ ಹೇಳಿ ಮಲಗಿಬಿಡ್ತಿದ್ಲು. ಬೆಳಿಗ್ಗೆ ಎದ್ದು ಕಳಿಸ್ತಿದ್ಲು."

"ಡ್ರಿಲ್ ಮೇಷ್ಟ್ರದ್ದು?"

"ಅದನ್ನೂ ನಾನೇ ಮಾಡಿದ್ದು."

ಉಡ ಸ್ಟೂಲಿನಿಂದ ಎದ್ದು ಅವಳ ಎರಡೂ ಕೈ ಹಿಡಿದುಕೊಂಡ. "ಅಕ್ಕ, ನಾನು ಹೇಳೋದು ಕೇಳು. ಇತ್ತೀಚೆಗೆ ನಿನಗೆ ಮರೆವು. ಎಲ್ಲರಿಗೂ ಗೊತ್ತು. ದಂಡ ಏರಿಸೋದು ಮರೆತೆ. ಅಷ್ಟೇ ತಾನೆ? ಹೂಂ ಅನ್ನು ಸಾಕು, ಇನ್ನೇನೂ ಹೇಳಬೇಡ. ನಾನು ನೋಡ್ಕೋತೀನಿ."

ಅಕ್ಕ ಅವನನ್ನು ನೋಡಲಿಲ್ಲ. ಹೊಸ್ತಿಲ ಕಡೆ ನೋಡಿದಳು. "ಏನಪ್ಪ, ಮರೆತೆ ಅಂದ್ರೆ ನನ್ನ ಮಗೂನ ಬಿಡ್ತೀಯಾ?"

"ಬಿಡ್ತೀವಮ್ಮ."

"ಮರೆತಿಲ್ಲ ಅಂದ್ರೆ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದ. "ಆಗಲೂ ಬಿಡಲೇಬೇಕಾಗುತ್ತೆ. ಅವಳು ಮಾಡಿಲ್ಲವಲ್ಲ. ನಿಮ್ಮನ್ನ ಬಿಡೋಕಾಗಲ್ಲ."

"ಹಾಗಿದ್ರೆ ಈ ವಯಸ್ಸಿನಲ್ಲಿ ಸುಳ್ಳು ಯಾಕೆ ಹೇಳಲಿ."

"ಅಕ್ಕ!" ಉಡ ಕೂಗಿಕೊಂಡ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ.

"ಮರೆತಿಲ್ಲ ಕಣೋ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಹೆಸರು ನೋಡಿದೆ. ಫೋಟೋ ನೋಡಿದೆ. ಎಷ್ಟು ಮುದಿಯಾದ್ರೂ ಆ ಗಲ್ಲದ ಗಾಯ ಹೋಗುತ್ತಾ? ಮೊದಲ ಸುತ್ತು ಇಳಿದು ನಿಂತಿತು. ಹುರಿ ಕೆಂಪಗಿತ್ತು. ದಂಡ ಏರಿಸಬೇಕು ಅಂತ ಕೈ ತಾನಾಗೇ ಹೋಯ್ತು, ಅಷ್ಟು ವರ್ಷದ ಅಭ್ಯಾಸ. ಆ ಕೈಯನ್ನ ಈ ಕೈಯಲ್ಲಿ ಹಿಡ್ಕೊಂಡು ಕೂತೆ. ಆಮೇಲೆ ಮುಗೀತು ಅಂತ ಒತ್ತಿದೆ."

ಉಡ ಸ್ಟೂಲು ಎಲ್ಲಿದೆಯೆಂದು ಕೈಯಿಂದ ತಡವಿ ಕೂತ. ಒಂದು ಬಾಗಿಲಾದರೂ ತೆರೆದಿತ್ತು, ಅದನ್ನೂ ಅವಳೇ ಎಳೆದು ಹಾಕಿಕೊಂಡಳು.

"ಯಾಕಮ್ಮ?" ಎಂದ ಇನ್ಸ್‌ಪೆಕ್ಟರ್. "ಆ ಮನುಷ್ಯ ನಿಮಗೇನು ಮಾಡಿದ್ದ?"

ಅಕ್ಕ ಮಡಿಸಿದ ಬಟ್ಟೆಗಳನ್ನು ಒಂದು ಚೀಲಕ್ಕೆ ಹಾಕಿದಳು. ಬಾಚಣಿಗೆ ಹಾಕಿದಳು. ಚೀಲದ ಬಾಯಿ ಕಟ್ಟಿ ತಮ್ಮನ ಮಡಿಲಲ್ಲಿ ಇಟ್ಟಳು.

"ಅದನ್ನ ಇವನನ್ನೇ ಕೇಳಿ. ಆ ಮೇಷ್ಟ್ರನ್ನ ಮೊದಲು ಕೈಹಿಡಿದು ನಮ್ಮ ಮನೆಗೆ ಕರ್ಕೊಂಡು ಬಂದೋನು ಇವನೇ."

"ನಾನಾ? ಯಾವಾಗ ಅಕ್ಕ? ಆ ಮನುಷ್ಯನ ಮುಖ ನಾನು ಜನ್ಮದಲ್ಲಿ ಕಂಡಿಲ್ಲ!" ಉಡ ತನ್ನ ನೆನಪಿನೊಳಗೆ ಕೈಯಾಡಿಸಿದ. ಶಾಲೆಯ ಗೇಟು, ಮಣ್ಣಿನ ಮೈದಾನ, ಒಂದು ಸೀಟಿಯ ಸದ್ದು. ಅದರಾಚೆ ಏನೂ ಇರಲಿಲ್ಲ. ಊರಿನ ಕಳ್ಳರ ಮುಖವನ್ನೆಲ್ಲ ಬಾಯಿಪಾಠ ಮಾಡಿದ್ದವನಿಗೆ ಅಲ್ಲಿ ಒಂದು ಮುಖವೂ ಸಿಗಲಿಲ್ಲ.

"ಕಂಡಿದ್ದೀಯ, ಸಣ್ಣ ಹುಡುಗ ಆಗಿದ್ದಾಗ." ಅಕ್ಕ ಈಗ ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. "ಅಮ್ಮನನ್ನ ಬಾವಿಯಿಂದ ಎತ್ತಿದ ದಿನ ಪೊಲೀಸರು ಬಂದು ನಿನ್ನನ್ನ ಕೂರಿಸ್ಕೊಂಡು ಕೇಳಿದ್ರು. ಮೇಷ್ಟ್ರು ನಮ್ಮ ಮನೆಗೆ ಬಂದೇ ಇಲ್ಲ ಅಂದೋನೂ ನೀನೇ. ಆ ಒಂದು ಮಾತಿಗೆ ಅವನು ಪಾರಾದ."

ಹೊಸ್ತಿಲಲ್ಲಿ ನಿಂತಿದ್ದ ಇನ್ಸ್‌ಪೆಕ್ಟರ್ ಟೋಪಿ ತಲೆಗೆ ಇಟ್ಟುಕೊಂಡ. ಮೊದಲು ಅಕ್ಕನ ಕಡೆ ನೋಡಿದ, ಆಮೇಲೆ ಉಡನ ಕಡೆ.

"ಸಾರ್," ಎಂದ, "ಆ ಹಳೇ ಮಾತಿಗೆ ನಿಮ್ಮ ಹೇಳಿಕೆಯೂ ಬೇಕು. ನೀವೂ ಜೀಪು ಹತ್ತಬೇಕಾಗುತ್ತೆ."